ಎಲ್ಲರೂ ಎದ್ದ ಮೇಲೆ ಹೊಡೆಯುವ ಗಂಟೆ

ಸಂತೋಷ ಹೆಚ್ಚಾದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಮೊನ್ನೆಯಿಂದ ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದೇನಂತೆ, ಸೊಸೆ ಹೇಳಿದಳು. ಕೋಳಿಗೆ ಹಾಕಬೇಕಾದ ನುಚ್ಚನ್ನು ನಾಯಿಯ ಮುಂದೆ ಸುರಿದೆ. ನಾಯಿ ನುಚ್ಚನ್ನು ನೋಡಿತು, ನನ್ನ ಮುಖ ನೋಡಿತು, ಎದ್ದು ಹೋಯಿತು. ಇನ್ನು ಸುಮ್ಮನಿದ್ದರೆ ಏನಾದರೂ ಅನಾಹುತ ಮಾಡುತ್ತೇನೆ ಎಂದು ಬರೆಯಲು ಕೂತಿದ್ದೇನೆ. ಆದರೆ ನಮ್ಮೂರಿನ ಗಂಟೆಯ ಸಂಗತಿ ಮೊದಲು ಹೇಳದಿದ್ದರೆ ನನ್ನ ಸಂತೋಷ ಯಾರಿಗೂ ತಿಳಿಯುವುದಿಲ್ಲ.

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವ ಬಸ್ಸಿನಲ್ಲಿ ‘ಬಿಟ್ಟವರ ಕಾಲೊನಿ’ ಎಂದು ಕೇಳಿದರೆ ಇಳಿಸುತ್ತಾರೆ. ಹೊಸ ಕಂಡಕ್ಟರುಗಳು ಎಂತ ಬಿಟ್ಟವರು ಎಂದು ಕೇಳುವುದುಂಟು, ಗಂಡನನ್ನೋ ಕುಡಿತವನ್ನೋ ಎಂದು. ನಾವು ಜೀತ ಬಿಟ್ಟವರು. ಅಜ್ಜನ ಕಾಲದಿಂದ ಒಂದೇ ಎಸ್ಟೇಟಿಗೆ ದುಡಿದ ಮನೆಗಳು ನಮ್ಮವು. ನನ್ನ ತವರೂ ಜೀತದ್ದೇ. ಮದುವೆ ಎಂದರೆ ಆ ಗುಡ್ಡದ ಜೀತದಿಂದ ಈ ಗುಡ್ಡದ ಜೀತಕ್ಕೆ ಬಂದದ್ದು, ಅಷ್ಟೇ. ಆಮೇಲೆ ಒಂದು ದಿನ ಸರ್ಕಾರದ ಜೀಪು ಬಂತು. ಇನ್ನು ಮೇಲೆ ಜೀತ ಇಟ್ಟುಕೊಂಡರೆ ತಪ್ಪು, ನೀವು ಹೋಗಬಹುದು ಎಂದರು. ಹೋಗಬಹುದು ಸರಿ, ಎಲ್ಲಿಗೆ? ಈ ಕಲ್ಲುಗುಡ್ಡದ ಮಗ್ಗುಲು ತೋರಿಸಿದರು. ಪಾತ್ರೆ, ಕೋಳಿ, ಕತ್ತಿ, ಮಕ್ಕಳು, ಇಷ್ಟನ್ನು ಹೊತ್ತುಕೊಂಡು ಬಂದು ಸೋಗೆ ಹೊದಿಸಿ ಗುಡಿಸಲು ಹಾಕಿದೆವು. ಆಗ ನನ್ನ ಹಿರಿಮಗಳು ಸೊಂಟದ ಕೂಸು. ಕಾಫಿ ಹೂ ಬಿಟ್ಟಿತ್ತು. ಗುಡ್ಡವೆಲ್ಲ ಬೆಳ್ಳಗಾಗಿ ಗಮ್ಮೆನ್ನುತ್ತಿತ್ತು. ಆ ಹೂವಿಗೂ ನಮಗೂ ಅವತ್ತು ಮೊದಲ ಸಲ ಸಂಬಂಧವಿರಲಿಲ್ಲ. ಹೂ ಬಿಟ್ಟರೆ ಬಿಟ್ಟುಕೊಳ್ಳಲಿ ಎಂದು ಮೂಗು ತುಂಬ ವಾಸನೆ ಎಳೆದುಕೊಂಡದ್ದು ಇನ್ನೂ ನೆನಪಿದೆ.

ಮರುದಿನ ಬೆಳಿಗ್ಗೆ ಒಂದು ತಮಾಷೆಯಾಯಿತು. ಯಾರೂ ಏಳಲಿಲ್ಲ.

ನಿದ್ದೆ ಬಂದು ಅಲ್ಲ. ಎಲ್ಲರಿಗೂ ಎಚ್ಚರವಾಗಿತ್ತು. ಆದರೆ ಎಸ್ಟೇಟಿನಲ್ಲಿ ಆಳುಗಳ ಲೈನ್ ಮನೆಗಳ ಮುಂದೆ ಒಂದು ರೈಲು ಕಂಬಿಯ ತುಂಡು ತೂಗುಹಾಕಿದ್ದರು. ಮೇಸ್ತ್ರಿ ಅದಕ್ಕೆ ಬಡಿದಾಗ ನಾವು ಏಳಬೇಕು, ಮತ್ತೆ ಬಡಿಯುವುದರೊಳಗೆ ಮಸ್ಟರಿಗೆ, ಎಂದರೆ ಹಾಜರಿಗೆ, ಸಾಲು ನಿಲ್ಲಬೇಕು. ಹುಟ್ಟಿದಾಗಿನಿಂದ ಹಾಗೆ. ಕಂಬಿ ಹೊಡೆಯದೆ ಎದ್ದು ಹೊರಗೆ ಬರುವುದು ಹೇಗೆಂದೇ ನಮಗೆ ಗೊತ್ತಿರಲಿಲ್ಲ. ಬಿಸಿಲು ಸೋಗೆಯ ಸಂದಿಯಿಂದ ಮುಖಕ್ಕೆ ಬಿದ್ದರೂ ಕಣ್ಣು ಬಿಟ್ಟುಕೊಂಡು ಮಲಗಿಯೇ ಇದ್ದೆವು. ಪಕ್ಕದ ಗುಡಿಸಲಿನವರು ಕೆಮ್ಮಿದರೆ ಇವರೂ ಕೆಮ್ಮುವರು. ಯಾರೂ ಮೊದಲು ಬಾಗಿಲು ತೆಗೆಯರು.

ನನ್ನ ಮಾವನಿಗೆ ಇದು ಸರಿಬರಲಿಲ್ಲ. ‘ಕಂಬಿ ಇಲ್ದೆ ಊರು ಹೇಗೆ ನಡೀತದೆ?’ ಎಂದು ಕೊಟ್ಟಿಗೆಹಾರಕ್ಕೆ ನಡೆದುಹೋಗಿ ಗ್ಯಾರೇಜಿನ ಹಿಂದೆ ಬಿದ್ದಿದ್ದ ಹಳೇ ಲಾರಿ ಚಕ್ರದ ರಿಮ್ಮನ್ನು ಕೇಳಿ ತಂದರು. ತಂದರು ಎಂದರೆ ದಾರಿಯುದ್ದ ಉರುಳಿಸಿಕೊಂಡು ಬಂದರು. ಅದನ್ನು ಹಲಸಿನ ಮರಕ್ಕೆ ಕಟ್ಟಿದರು. ಮಾರನೆಯ ದಿನ ಬೆಳಕು ಹರಿಯುವ ಮೊದಲು ಕಬ್ಬಿಣದ ರಾಡಿನಿಂದ ಬಡಿದರು ನೋಡಿ! ಎಲ್ಲ ಗುಡಿಸಲುಗಳಿಂದ ಜನ ದಡಬಡನೆ ಹೊರಬಿದ್ದರು. ಕಂಬಳಿ ಕೊಪ್ಪೆ ಹಾಕಿಕೊಂಡು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಹಲಸಿನ ಮರದ ಮುಂದೆ ಸಾಲು ನಿಂತೆವು. ಬಡಿದ ಮಾವನೂ ರಾಡು ಬಿಸಾಡಿ ಓಡಿಬಂದು ಸಾಲಿನ ತುದಿಯಲ್ಲಿ ನಿಂತುಬಿಟ್ಟರು.

ಎದುರಿಗೆ ಯಾರೂ ಇಲ್ಲ.

ಹೆಸರು ಕರೆಯುವ ರೈಟರಿಲ್ಲ, ಬೈಯುವ ಮೇಸ್ತ್ರಿಯಿಲ್ಲ, ಸಾವ್ಕಾರರಿಲ್ಲ. ಆದರೂ ನಿಂತಿದ್ದೇವೆ, ತಲೆ ತಗ್ಗಿಸಿಕೊಂಡು. ಎಷ್ಟು ಹೊತ್ತೋ. ಆಗ ನಮ್ಮನೆಯ ಹೇಂಟೆಯೊಂದು ಬಂತು. ಕತ್ತು ಉದ್ದ ಮಾಡಿಕೊಂಡು ಸಾಲಿನ ಆ ತುದಿಯಿಂದ ನಿಧಾನವಾಗಿ ಹೆಜ್ಜೆ ಹಾಕುತ್ತ, ಒಬ್ಬೊಬ್ಬರ ಮುಂದೆಯೂ ನಿಂತು, ತಲೆ ಓರೆ ಮಾಡಿ ಒಂದು ಕಣ್ಣಿನಲ್ಲಿ ನೋಡಿ, ‘ಕ್ಕೊ’ ಎಂದು ಮುಂದೆ ಹೋಗುತ್ತಿತ್ತು. ಥೇಟು ನಮ್ಮ ಮೇಸ್ತ್ರಿಯೇ. ನನ್ನ ಸೊಂಟದ ಕೂಸು ಅದನ್ನು ನೋಡಿ ಕಿಲಕಿಲ ನಕ್ಕಿತು. ಅದು ನಕ್ಕಿದ್ದೇ ತಡ, ಪಕ್ಕದಲ್ಲಿದ್ದ ನನ್ನ ಅತ್ತೆ ‘ಅಯ್ಯಯ್ಯೋ’ ಎಂದು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತರು. ಅತ್ತೆ ನಕ್ಕಿದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ. ಅವರ ಮಕ್ಕಳೂ ನೋಡಿರಲಿಲ್ಲವಂತೆ. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಹೇಂಟೆ ಹೆದರಿ ಮರ ಹತ್ತಿತು.

ನಮ್ಮೂರು ಹುಟ್ಟಿದ್ದು ಅವತ್ತು. ಗುಡಿಸಲು ಹಾಕಿದ ದಿನ ಅಲ್ಲ.

ಮಾವ ರಿಮ್ಮನ್ನು ಬಿಚ್ಚಲು ಹೋದರು. ಅತ್ತೆ ಬಿಡಲಿಲ್ಲ. ‘ಇರ್ಲಿ. ದಿನಾ ಹೊಡಿ. ಆದ್ರೆ ಎಲ್ರೂ ಎದ್ದ ಮೇಲೆ ಹೊಡಿ. ನಮ್ಮೂರಲ್ಲಿ ಯಾರನ್ನೂ ಕಬ್ಬಿಣ ಬಡಿದು ಎಬ್ಬಿಸ್ಬಾರ್ದು’ ಎಂದರು. ಅವತ್ತಿನಿಂದ ಇವತ್ತಿನವರೆಗೆ ಹಾಗೇ. ಬೆಳಿಗ್ಗೆ ಗಂಟೆ ಹೊಡೆಯುವವರು ಮನೆಮನೆಗೆ ಹೋಗಿ ‘ಎದ್ರಾ?’ ಎಂದು ಮೆಲ್ಲಗೆ ಕೇಳಬೇಕು. ಎಲ್ಲರೂ ಎದ್ದಿದ್ದರೆ ಮಾತ್ರ ಹೊಡೆಯಬೇಕು. ಆಚೆ ಎಸ್ಟೇಟಿನವರು ನಮ್ಮನ್ನು ‘ಎದ್ದ ಮೇಲೆ ಎಬ್ಬಿಸೋ ಊರು’ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅತ್ತೆ ಮಾತ್ರ ಕೊನೆಯವರೆಗೂ ಮಜಾ ತೆಗೆದುಕೊಂಡರು. ಎಲ್ಲರಿಗಿಂತ ಮೊದಲು ಅವರಿಗೆ ಎಚ್ಚರವಾಗುತ್ತಿತ್ತು, ಆದರೆ ಕಂಬಳಿ ಮುಸುಕು ತೆಗೆಯುತ್ತಿರಲಿಲ್ಲ. ಮಾವ ಹೊರಗೆ ರಾಡು ಹಿಡಿದು ನಿಂತು ‘ಎದ್ಯೇನೇ?’ ಎಂದರೆ ಒಳಗಿನಿಂದ ‘ಇಲ್ಲ, ನಿದ್ದೆ ಮಾಡ್ತಿದೀನಿ’ ಎಂದು ಗಟ್ಟಿಯಾಗಿ ಉತ್ತರ ಕೊಡುತ್ತಿದ್ದರು. ಮುಸುಕಿನೊಳಗೆ ನಗುತ್ತಿದ್ದರು. ನಾನು ಒಲೆಯ ಮುಂದೆ ಕೂತು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ.

ವರ್ಷಕ್ಕೊಂದು ಸಲ, ಕಾಫಿ ಹೂ ಬಿಟ್ಟ ಮೇಲಿನ ಭಾನುವಾರ, ನಾವು ಮತ್ತೆ ಹಾಗೆಯೇ ಸಾಲು ನಿಲ್ಲುತ್ತೇವೆ. ರಿಮ್ಮು ಹೊಡೆದ ಕೂಡಲೇ ಮುಖ ಗಂಟಿಕ್ಕಿಕೊಂಡು ನಿಲ್ಲಬೇಕು, ಕಚಗುಳಿ ಇಡಬಾರದು, ಮಾತಾಡಬಾರದು. ಯಾರು ಮೊದಲು ನಗುತ್ತಾರೋ ಅವರೇ ಅವತ್ತಿನ ಸಾವ್ಕಾರರು. ಅವರನ್ನು ಕುರ್ಚಿಯ ಮೇಲೆ ಕೂರಿಸಿ ಎಲ್ಲರೂ ಕೈಕಟ್ಟಿ ನಿಂತು ಕೇಳುತ್ತೇವೆ, ‘ಸಾವ್ಕಾರ್ರೇ, ಇವತ್ತು ಎಂತ ಕೆಲ್ಸ?’ ಅವರು ಹೇಳಬೇಕು, ‘ಇವತ್ತು ಕೆಲ್ಸ ಇಲ್ಲ, ಕಾಫಿ ಕುಡೀರಿ.’ ಆಮೇಲೆ ಸಾವ್ಕಾರರೇ ಎದ್ದು ಎಲ್ಲರಿಗೂ ತಮ್ಮ ಕೈಯಾರೆ ಕಾಫಿ ಕೊಡಬೇಕು. ಅಷ್ಟೇ ನಮ್ಮ ಹಬ್ಬ. ಈಗ ರಿಮ್ಮು ಹೊಡೆಯುವ ಕೆಲಸ ನನ್ನ ಮೈದುನನದು. ಬಿಳೀ ಮೀಸೆಯ ಮುದುಕ. ಅವನಿಗೆ ನಗು ತಡೆಯಲಿಕ್ಕೇ ಬರುವುದಿಲ್ಲ, ಹಾಗಾಗಿ ಹೆಚ್ಚಿನ ವರ್ಷಗಳಲ್ಲಿ ಅವನೇ ಸಾವ್ಕಾರ.

ಇನ್ನು ನನ್ನ ಮೊಮ್ಮಗಳ ಸುದ್ದಿ.

ನನ್ನ ಕಿರಿಮಗ ಮೂಡಿಗೆರೆಯಲ್ಲಿ ಪಿಕಪ್ ಓಡಿಸುತ್ತಾನೆ. ಸೊಸೆ ವಸ್ತಾರೆ ಕಡೆಯವಳು. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಹುಟ್ಟಿದ ಮಗು ಇದು. ಅದೂ ದಿನ ತುಂಬುವ ಮೊದಲೇ ಅವಸರ ಮಾಡಿತು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೆಳೆಸಿಕೊಟ್ಟರು. ಕೊಡುವಾಗ ಡಾಕ್ಟರಮ್ಮ, ‘ಕಿವಿ ಪರೀಕ್ಷೆ ಎರಡು ಸಲ ಮಾಡಿದ್ರೂ ಸರಿಯಾಗಿ ಗೊತ್ತಾಗ್ಲಿಲ್ಲ. ಹೆದರ್ಬೇಡಿ. ಮನೇಲಿ ಗಮನಿಸ್ತಿರಿ, ಮತ್ತೆ ಕರ್ಕೊಂಡು ಬನ್ನಿ’ ಎಂದರು.

ಹೆದರಬೇಡಿ ಎಂದರೆ ಹೆದರದೆ ಇರುತ್ತಾರೆಯೇ? ಮನೆಗೆ ಬಂದಾಗಿನಿಂದ ನಮ್ಮದೆಲ್ಲ ಗಮನಿಸುವುದೇ ಕೆಲಸ. ನಾನು ತೊಟ್ಟಿಲ ಹಿಂದೆ ಬಗ್ಗಿ ಕೂತು ತಟ್ಟೆ ಬಡಿಯುವೆನು. ಮಗು ಮಲಗಿಯೇ ಇರುವುದು. ಕುಕ್ಕರು ಕೂಗಿದರೆ ಎಲ್ಲರೂ ಅಡುಗೆ ಬಿಟ್ಟು ಮಗುವಿನ ಮುಖ ನೋಡುವರು. ಒಮ್ಮೆ ಕಣ್ಣು ಮಿಟುಕಿಸುತ್ತದೆ, ಒಮ್ಮೆ ಇಲ್ಲ. ಮಗ ಪಿಕಪ್ ತಂದು ಅಂಗಳದಲ್ಲಿ ನಿಲ್ಲಿಸಿ ಹಾರನ್ ಒತ್ತಿದ. ಮಗು ಅವನ ಕಡೆ ನೋಡಿತು. ಆದರೆ ಕೇಳಿಸಿ ನೋಡಿದ್ದೋ, ಇಷ್ಟು ದೊಡ್ಡ ಗಾಡಿ ಕಂಡು ನೋಡಿದ್ದೋ! ಜೊತೆಗೆ ಅದು ನಗುತ್ತಲೂ ಇರಲಿಲ್ಲ. ಗಂಭೀರ ಎಂದರೆ ಗಂಭೀರ. ರೈಟರ ಮುಖ. ‘ಮಸ್ಟರ್ ತಗೊಳ್ಳೋಕೆ ಹುಟ್ಟಿದ ಹಾಗಿದೆ ಅತ್ಗೆ’ ಎಂದು ಮೈದುನ ತಮಾಷೆ ಮಾಡುತ್ತಿದ್ದ. ನನಗೆ ಮಾತ್ರ ಒಳಗೊಳಗೇ ಒಂದೇ ಕೊರಗು. ಈ ಮಗುವಿಗೆ ನನ್ನ ದನಿ ಕೇಳುತ್ತದೋ ಇಲ್ಲವೋ.

ಮತ್ತೆ ಪರೀಕ್ಷೆಗೆ ಕರೆದದ್ದು ಮಂಗಳವಾರ. ಸಾಲು ನಿಲ್ಲುವುದು ಅದರ ಹಿಂದಿನ ಭಾನುವಾರ.

ಅವತ್ತು ಬೆಳಿಗ್ಗೆ ಎಲ್ಲರೂ ಬಂದಿದ್ದರು. ಕಳಸದ ಕಡೆ ಕೊಟ್ಟ ನನ್ನ ಹಿರಿಮಗಳೂ ಬಂದಿದ್ದಳು, ಅವತ್ತಿನ ಸೊಂಟದ ಕೂಸು, ಈಗ ಮಂಡಿನೋವಿನವಳು. ಹಲಸಿನ ಮರದ ಬುಡದಲ್ಲಿ ಕಾಫಿ ಹಂಡೆ ಕುದಿಯುತ್ತಿತ್ತು. ಸಾಲು ಸರಿಯಾಗಿ ನಿಂತಾಗಿತ್ತು. ಸೊಸೆ ಮಗುವನ್ನು ಎತ್ತಿಕೊಂಡು ನನ್ನ ಪಕ್ಕಕ್ಕೆ ಬಂದಳು. ಮಗು ಅವಳ ಹೆಗಲ ಮೇಲೆ ಬಾಯಿ ಬಿಟ್ಟುಕೊಂಡು ನಿದ್ದೆ.

ಮೈದುನ ರಾಡು ಹಿಡಿದವನು ಮಗುವನ್ನು ನೋಡಿ ಕೈ ಇಳಿಸಿದ.

‘ಎದ್ದಿಲ್ಲ ಇದು.’

ನನಗೆ ತಟ್ಟನೆ ಹೊಳೆಯಿತು. ತಟ್ಟೆ, ಕುಕ್ಕರು, ಹಾರನ್ನು ಎಲ್ಲ ಬಿಡಿ. ಈ ರಿಮ್ಮಿನ ಸದ್ದು ಸತ್ತವರಿಗೂ ಕೇಳಬೇಕು. ಮಲಗಿದ ಮಗು ಇದಕ್ಕೆ ಎದ್ದರೆ ಕಿವಿ ಇದೆ ಎಂದೇ ಅರ್ಥ. ಮಂಗಳವಾರದವರೆಗೆ ಯಾರು ಕಾಯುತ್ತಾರೆ!

‘ಹೊಡಿ ಮಾರಾಯ’ ಎಂದೆ.

‘ಮಗು ಮಲ್ಗಿದೆ ಅಂತ ಹೇಳ್ತಿದೀನಲ್ಲ ಅತ್ಗೆ.’

‘ಮಲ್ಗಿದೆ ಅಂತ್ಲೇ ಹೊಡಿ ಅಂತಿರೋದು. ಒಂದೇ ಒಂದು ಏಟು.’

‘ಆಗ್ಲಿಕ್ಕಿಲ್ಲ.’

‘ಎಂತಕ್ಕಾಗಲ್ಲ? ಆರು ತಿಂಗಳ ಕೂಸಿಗೂ ನಿನ್ನ ಕಾನೂನಾ?’

‘ನಂದಲ್ಲ, ನಮ್ಮವ್ವಂದು’ ಎಂದ ಅವನು. ಆ ನಗೆಮುಖದವನ ಮುಖದಲ್ಲಿ ನಗು ಇರಲಿಲ್ಲ. ‘ಅವ್ವ ಹೇಳಿದ್ಮೇಲೆ ನಮ್ಮೂರಲ್ಲಿ ಇದಕ್ಕೆ ಹೆದ್ರಿ ಎದ್ದೋರು ಯಾರೂ ಇಲ್ಲ. ಮೊದಲ್ನೇದು ಈ ಮಗು ಆಗ್ಬೇಕಾ?’

ನಾನು ಅವನ ಕೈಯಿಂದ ರಾಡು ಕಿತ್ತುಕೊಂಡೆ. ಹೌದು, ಕಿತ್ತುಕೊಂಡೆ. ಎತ್ತಿಯೂ ಎತ್ತಿದೆ. ಆಗ ಸೊಸೆ ಹೇಳಿದಳು, ಮಗುವಿನ ಬೆನ್ನು ತಟ್ಟುತ್ತಲೇ, ಬಹಳ ಮೆಲ್ಲಗೆ.

‘ಬೇಡ ಅತ್ತೆ. ಕೇಳಿಸ್ಲಿ, ಕೇಳಿಸ್ದೇ ಇರ್ಲಿ, ಇವ್ಳೂ ಈ ಊರವ್ಳೇ ಅಲ್ವಾ? ಅವ್ಳಷ್ಟಕ್ಕೆ ಅವ್ಳು ಏಳ್ಲಿ.’

ವಸ್ತಾರೆಯಿಂದ ಬಂದ ಹುಡುಗಿ ಇದನ್ನು ನನಗೆ ಹೇಳಬೇಕಾಯಿತು, ರಿಮ್ಮನ್ನು ಮರಕ್ಕೆ ಕಟ್ಟುವಾಗ ಹಗ್ಗ ಹಿಡಿದಿದ್ದ ನನಗೆ! ರಾಡನ್ನು ಮೈದುನನಿಗೆ ವಾಪಸು ಕೊಟ್ಟೆ. ಅವನು ಅದನ್ನು ಪಂಚೆಯಲ್ಲಿ ಒರೆಸಿಕೊಂಡ, ನನ್ನ ಕೈಯ ಕೊಳೆ ಹತ್ತಿತ್ತೋ ಎಂಬಂತೆ. ಅಲ್ಲಿಂದ ಕಾಯುವುದು ಶುರುವಾಯಿತು.

ಇಡೀ ಊರು ಒಂದು ಕೂಸು ಏಳಲೆಂದು ಸಾಲು ನಿಂತು ಕಾಯುವುದನ್ನು ನೀವು ನೋಡಬೇಕಿತ್ತು. ಬಿಸಿಲು ಏರಿತು. ಕಾಫಿ ಹಂಡೆಯ ಕೆಳಗೆ ಬೆಂಕಿ ಆರಿಸಿದರು, ಮತ್ತೆ ಹೊತ್ತಿಸಿದರು. ಸೀನು ಬಂದವರು ಮೂಗು ಹಿಡಿದುಕೊಂಡು ಮನೆ ಹಿಂದೆ ಓಡಿಹೋಗಿ ಸೀನಿ ಬಂದರು. ಹಿರಿಮಗಳು ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತಳು, ‘ಅವತ್ತು ಅವ್ವನ ಸೊಂಟದ ಮೇಲೆ ಆರಾಮಿತ್ತು’ ಎಂದು ಪಿಸುಗುಟ್ಟಿದಳು. ನಗು ಬಂದವರು ತುಟಿ ಕಚ್ಚಿಕೊಂಡರು. ರಿಮ್ಮೇ ಹೊಡೆದಿಲ್ಲವಲ್ಲ, ಈಗ ನಕ್ಕರೆ ಲೆಕ್ಕಕ್ಕಿಲ್ಲ. ನನಗೆ ಅತ್ತೆಯ ನೆನಪು ಬಂತು. ‘ಇಲ್ಲ, ನಿದ್ದೆ ಮಾಡ್ತಿದೀನಿ’ ಎನ್ನುತ್ತಿದ್ದ ದನಿ. ಈ ಪುಟ್ಟ ಮುದುಕಿಯೂ ಕಳ್ಳನಿದ್ದೆ ಮಾಡುತ್ತಿರಬಹುದೇ ಎಂದು ಮುಖ ಹತ್ತಿರ ತಂದು ನೋಡಿದೆ. ಮೂಗಿನಿಂದ ಸಣ್ಣ ಗೊರಕೆ ಬರುತ್ತಿತ್ತು.

ಕೊನೆಗೂ ಎದ್ದಳು. ಮೊದಲು ಮುಷ್ಟಿಯಿಂದ ಮೂಗುಜ್ಜಿದಳು, ಆಮೇಲೆ ಒಂದು ಕಣ್ಣು, ಆಮೇಲೆ ಇನ್ನೊಂದು. ಸಾಲನ್ನೆಲ್ಲ ಒಮ್ಮೆ ನೋಡಿದಳು, ಅದೇ ರೈಟರ ಮುಖ ಮಾಡಿಕೊಂಡು. ಮೈದುನ ಹತ್ತಿರ ಬಂದು, ಬಗ್ಗಿ, ಎಲ್ಲ ಮನೆಯಲ್ಲಿ ಕೇಳುವಂತೆಯೇ ಕೇಳಿದ.

‘ಎದ್ರಾ?’

ಅವಳು ಅವನ ಮೀಸೆ ಹಿಡಿದಳು. ಅದನ್ನು ಬಿಡಿಸಿಕೊಳ್ಳುವುದಕ್ಕೇ ಸ್ವಲ್ಪ ಹೊತ್ತಾಯಿತು. ಸೊಸೆ ಮಗುವಿನ ಮುಖವನ್ನು ನಮ್ಮ ಕಡೆ ತಿರುಗಿಸಿ, ಮರಕ್ಕೆ ಬೆನ್ನು ಮಾಡಿ ನಿಂತಳು. ಮೈದುನ ಮರದ ಹತ್ತಿರ ಹೋದ. ಪಕ್ಕದಲ್ಲಿ ಮಗ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದ, ಚಿಕ್ಕವನಿದ್ದಾಗ ಹಿಡಿಯುತ್ತಿದ್ದಂತೆ. ಯಾರೂ ಎದುರಿಗೆ ನೋಡುತ್ತಿಲ್ಲ, ಎಲ್ಲರ ಕಣ್ಣೂ ಮಗುವಿನ ಮೇಲೆ.

ಢಣ್!

ಮಗುವಿನ ಎರಡೂ ಕೈ ಮೇಲೆ ಹಾರಿದವು. ಕಣ್ಣು ಅಗಲವಾಯಿತು. ತುಟಿ ಕೆಳಗೆ ಬಾಗಿತು, ಇನ್ನೇನು ಅತ್ತಳು ಎಂದುಕೊಂಡೆ. ಅಳಲಿಲ್ಲ. ರಿಮ್ಮು ಹೊಡೆದ ಮೇಲೂ ಬಹಳ ಹೊತ್ತು ಗುಂಯ್ ಎನ್ನುತ್ತಿರುತ್ತದೆ. ಆ ಗುಂಯ್ ಎಲ್ಲಿಂದ ಬರುತ್ತಿದೆ ಎಂದು ಅವಳು ಹುಡುಕಿದಳು. ನಾನು ಕಣ್ಣಾರೆ ಕಂಡೆ, ಹುಡುಕಿದಳು! ಅಮ್ಮನ ಹೆಗಲ ಮೇಲಿನಿಂದ ಕತ್ತು ತಿರುಗಿಸಿ, ಇನ್ನೂ ತಿರುಗಿಸಿ, ಹಲಸಿನ ಮರದಲ್ಲಿ ತೂಗಾಡುತ್ತಿದ್ದ ರಿಮ್ಮನ್ನು ಹಿಡಿದೇಬಿಟ್ಟಳು. ಮೈದುನ ಮತ್ತೊಮ್ಮೆ, ಈ ಸಲ ಮುದ್ದು ಮಾಡುವಂತೆ, ಟಣ್ ಎನ್ನಿಸಿದ. ನನ್ನ ಮೊಮ್ಮಗಳು ನಕ್ಕಳು. ಹಲ್ಲಿಲ್ಲದ ಬಾಯಿ ಪೂರಾ ತೆಗೆದು, ಹೊಟ್ಟೆ ಕುಣಿಸಿ, ಬಿಕ್ಕಳಿಕೆ ಬರುವಷ್ಟು ನಕ್ಕಳು.

ಎಸ್ಟೇಟಿನ ಕಂಬಿಯ ಇಂಥದೇ ಸದ್ದಿಗೆ ನನ್ನ ಅತ್ತೆ ಬೆಚ್ಚಿಬೀಳುತ್ತಿದ್ದರು. ಮುದುಕಿಯಾದ ಮೇಲೂ ಆಚೆ ಗುಡ್ಡದಲ್ಲಿ ಎಲ್ಲಿಯೋ ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಕೈಯಲ್ಲಿದ್ದದ್ದು ಬಿದ್ದುಹೋಗುತ್ತಿತ್ತು. ಅವರ ಮರಿಮಗಳು ಅದನ್ನೇ ಇನ್ನೊಂದು ಸಲ ಹೊಡೆಯಿರಿ ಎಂದು ಎರಡೂ ಕೈ ಚಾಚುತ್ತಿದ್ದಾಳೆ!

ಆಮೇಲೆ ಏನಾಯಿತು ಎಂದು ಸರಿಯಾಗಿ ಹೇಳಲಾರೆ. ಮಗ ಪಿಕಪ್ಪಿನ ಹಾರನ್ ಒತ್ತುತ್ತಿದ್ದ. ಸೊಸೆ ಅಳುತ್ತಿದ್ದಳು, ನಗುತ್ತಿದ್ದಳು. ನಾನು ಮೈದುನನ ಎರಡೂ ಕೈ ಹಿಡಿದು ಕುಣಿದೆನಂತೆ. ಅದು ಸುಳ್ಳು ಎಂದು ನಾನು, ವಿಡಿಯೊ ಇದೆ ಎಂದು ಅವರು. ನಡುವೆ ಹಿರಿಮಗಳು ಮಂಡಿ ಮರೆತು ಎದ್ದು ನಿಂತು, ‘ಮೊದ್ಲು ನಕ್ಕಿದ್ದು ಅವ್ಳು! ಕುರ್ಚಿ ತನ್ನಿ, ಕುರ್ಚಿ!’ ಎಂದು ಕೂಗುತ್ತಿದ್ದಳು.

ಪ್ಲಾಸ್ಟಿಕ್ ಕುರ್ಚಿಯ ಮೇಲೆ ದಿಂಬಿಟ್ಟು ಸಾವ್ಕಾರಮ್ಮನನ್ನು ಕೂರಿಸಿದೆವು. ಜಾರದಂತೆ ನಾನು ಹಿಂದಿನಿಂದ ಹಿಡಿದುಕೊಂಡೆ. ಇಡೀ ಊರು ಕೈಕಟ್ಟಿ ನಿಂತಿತು.

‘ಸಾವ್ಕಾರಮ್ಮಾ, ಇವತ್ತು ಎಂತ ಕೆಲ್ಸ?’

‘ಆ... ಬ್ಬಾ’ ಎಂದಳು.

‘ಕೆಲ್ಸ ಇಲ್ವಂತೆ!’ ಎಂದು ನಾನು ಕೂಗಿದೆ. ‘ಕಾಫಿ ಕುಡೀಬೇಕಂತೆ!’

‘ಅಷ್ಟೆಲ್ಲಾ ಹೇಳಿದ್ಲಾ ಅತ್ಗೆ? ನಂಗೆ ಬರೀ ಬ್ಬಾ ಅಂತ ಕೇಳಿಸ್ತು.’

‘ನಿನ್ನ ಕಿವಿ ಪರೀಕ್ಷೆ ಮಾಡಿಸ್ಕೊ ಮಾರಾಯ’ ಎಂದೆ. ಅವನು ನಕ್ಕು ನಕ್ಕು ಮರದ ಬುಡಕ್ಕೆ ಒರಗಿಬಿಟ್ಟ. ಅಷ್ಟು ಹೊತ್ತಿಗೆ ಸಾವ್ಕಾರಮ್ಮ ದಿಂಬು ಒದ್ದೆ ಮಾಡಿಯಾಗಿತ್ತು. ಅವಳ ಪರವಾಗಿ ಕಾಫಿ ಹಂಚಿದ್ದು ನಾನು. ಲೋಟಕ್ಕೆ ಬಿದ್ದದ್ದಕ್ಕಿಂತ ನೆಲಕ್ಕೆ ಬಿದ್ದದ್ದು ಹೆಚ್ಚು.

ಮಂಗಳವಾರ ಚಿಕ್ಕಮಗಳೂರಿಗೆ ಹೋದೆವು. ಮಿಷನ್ನಿನಲ್ಲಿ ನೋಡಿ, ಎರಡೂ ಕಿವಿ ಚೆನ್ನಾಗಿವೆ ಎಂದರು ಡಾಕ್ಟರಮ್ಮ. ‘ಗೊತ್ತು’ ಎಂದೆ ನಾನು. ‘ಹೇಗೆ ಗೊತ್ತಾಯ್ತು ಅಜ್ಜಿ?’ ಎಂದು ಕೇಳಿದರು. ನಾನು ಅಲ್ಲಿಯೇ ನಮ್ಮೂರಿನ ಹೇಂಟೆಯಿಂದ ಶುರು ಮಾಡಿದೆ. ಹೊರಗೆ ಬೇರೆಯವರು ಕಾಯುತ್ತಿದ್ದಾರೆ ಎಂದು ಮಗ ಕೈಹಿಡಿದು ಎಳೆದುಕೊಂಡು ಬಂದ.

ಈಗ ಇದನ್ನು ಬರೆಯುತ್ತಾ ಆ ಸಾಲಿನ ಭಾಗ ಬಂದಾಗ ನನಗೇ ತಿಳಿಯದೆ ಗಟ್ಟಿಯಾಗಿ ನಕ್ಕುಬಿಟ್ಟೆ. ಒಳಗಿನಿಂದ ಸೊಸೆ ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟಳು.

‘ಮೆಲ್ಲಗೆ ಅತ್ತೆ. ನಿಮ್ಮ ಗಲಾಟೆಗೆ ಅವ್ಳು ಎದ್ದುಬಿಡ್ತಾಳೆ.’

‘ಆ ಮಾತು ಇನ್ನೊಂದು ಸಲ ಹೇಳು’ ಎಂದೆ ನಾನು.